ಅಂಬಿಗೇರ ಮನೆತನದ ಗ್ವಾದಲಿ

ನಮ್ಮ ಅಡ್ಡಹೆಸರು ಅಂಬಿಗೇರ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನನ್ನ ಮುತ್ತಜ್ಜ ವರದಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಅಜ್ಜನ ಕಾಲಕ್ಕೆ ಹೊಳೆಗೆ ಸೇತುವೆ ಬಂತು, ಹರಿಗೋಲು ಅಟ್ಟ ಏರಿತು. ಅಪ್ಪನ ಕಾಲಕ್ಕೆ ಅದನ್ನು ಗೆದ್ದಲು ತಿಂದು ಮುಗಿಸಿತು. ನನ್ನ ಪಾಲಿಗೆ ಉಳಿದದ್ದು ಮೂರು ಎಕರೆ ಗೋವಿನಜೋಳದ ಹೊಲ ಮತ್ತು ಈ ಹೆಸರು. ಬ್ಯಾಂಕಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗಾದರೂ ಹೆಸರು ಹೇಳಿದರೆ ಸಾಕು, "ಹಂಗಾರ ನಿಮಗ ಈಸು ಚಲೋ ಬರ್ತಿರಬೇಕಲ್ರಿ" ಅನ್ನುತ್ತಾರೆ. ನಾನು ಗಂಭೀರವಾಗಿ ನಗುತ್ತೇನೆ. (ನಿಜ ಹೇಳಬೇಕೆಂದರೆ, ಬಚ್ಚಲಲ್ಲಿ ಎರಡು ತಂಬಿಗೆ ನೀರು ಒಮ್ಮೆಲೇ ತಲೆಯ ಮೇಲೆ ಬಿದ್ದರೆ ನನಗೆ ಉಸಿರು ಕಟ್ಟುತ್ತದೆ. ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ.)

ಹೀಗೇ ನಗುತ್ತ ಕಾಲ ಕಳೆಯಬಹುದಿತ್ತು. ಆದರೆ ಹೋದ ವರ್ಷ ಹಿರೇಬೆಂಡಿಗೇರಿಯಲ್ಲಿ ನನ್ನ ಹೆಂಡತಿಯ ತಮ್ಮ ಶಿವಯೋಗಿ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದ. ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ನಮ್ಮವ್ವ ಹೊಳೆವ್ವ ಕೂತಿದ್ದಳು. ಎರಡನೇ ಸಲ ಹುಗ್ಗಿ ಬಡಿಸುವ ಹೊತ್ತಿಗೆ ಅವ್ವನಿಗೆ ಹಳೆಯದೆಲ್ಲ ನೆನಪಾಯಿತು.

ನಮ್ಮ ಊರು ಆಡೂರಿನ ಹತ್ತಿರ. ಊರ ಕೆರೆಯ ಆಚೆ ದಂಡೆಯಲ್ಲಿ ಗಂಗವ್ವನ ಗುಡಿ ಇದೆ. ಕೆರೆ ತುಂಬಿದ ವರ್ಷ ಅಂಬಿಗೇರ ಮನೆಯ ಸೊಸೆ ನೀರಿನ ಮೇಲೆ ಹೋಗಿ ಗಂಗವ್ವನಿಗೆ ಉಡಿ ತುಂಬಬೇಕು, ನೆಲದ ಮೇಲೆ ನಡೆದು ಹೋಗುವ ಹಾಗಿಲ್ಲ ಎಂಬುದು ನಮ್ಮ ಮನೆತನದ ಪದ್ಧತಿ. ಅವ್ವ ಮದುವೆಯಾಗಿ ಬಂದ ವರ್ಷ ಅಜ್ಜ ಅಟ್ಟದಿಂದ ಹರಿಗೋಲು ಇಳಿಸಿ ಅವಳನ್ನು ಕರೆದುಕೊಂಡು ಹೋದದ್ದೇ ಕಡೆಯದು. ಆಮೇಲೆ ಎಲ್ಲರೂ ಏರಿಯ ಮೇಲೆ ನಡೆದೇ ಹೋದರು. ನನ್ನ ಹೆಂಡತಿ ಮಲ್ಲಿಕಾ ಇಪ್ಪತ್ತೆರಡು ವರ್ಷಗಳಿಂದ ನನ್ನ ಬೈಕಿನ ಹಿಂದೆ ಕೂತು ಹೋಗುತ್ತಿದ್ದಾಳೆ.

"ನನ್ನ ಸೊಸಿ ಗಂಗವ್ವನ ಕಡೆ ಫಟಫಟಿ ಮ್ಯಾಲ ಹೋಗೂದು ನೋಡಬೇಕಾತು" ಎಂದು ಅವ್ವ ಪಂಕ್ತಿಗೆಲ್ಲ ಕೇಳುವಂತೆ ಹೇಳಿದಳು. "ನನಗೂ ಎಪ್ಪತ್ತಾರು ಆದ್ವು. ಆಕಿ ನೀರಿನ ಮ್ಯಾಲ ಹೋಗೂದು ಒಂದ್ಸಲ ನೋಡಿದ್ರ ಸಾಕಿತ್ತು."

ಶಿವಯೋಗಿ ಬಕೆಟ್ಟು ಕೆಳಗಿಟ್ಟ. "ಅತ್ತ್ಯಾರ, ನಮ್ಮ ಮಾವಾರು ದೋಣಿ ಹತ್ತೂದು ದೂರ ಉಳೀತು, ಕೆಸರಗದ್ದಿ ಬದುವಿನ ಮ್ಯಾಲ ನಡಿಯೂ ಮುಂದ ನನ್ನ ಭುಜ ಹಿಡಕೋತಾರ. ನಮ್ಮ ಅಕ್ಕನ್ನ ನೀರಿನ ಮ್ಯಾಲ ಆ ಗುಡಿ ಮುಟ್ಟಿಸಿದವ್ರಿಗೆ ಹನ್ನೆರಡು ಮೊಳದ ಗುಲಾಬಿ ರುಮಾಲ ಊರ ಮುಂದ ತಲಿಗೆ ಕಟ್ತೇನಿ. ಇದು ನನ್ನ ಮಾತು."

ಪಂಕ್ತಿಯೆಲ್ಲ ನಕ್ಕಿತು. ಮಲ್ಲಿಕಾ ಎಲ್ಲರಿಗಿಂತ ಹೆಚ್ಚು ನಕ್ಕಳು. ಅವ್ವ ಮಾತ್ರ ನಗಲಿಲ್ಲ, ನನ್ನ ಮುಖ ನೋಡಿದಳು. ನಾನು ಎತ್ತಿದ ಹುಗ್ಗಿಯ ತುತ್ತನ್ನು ಎಲೆಗೇ ಇಳಿಸಿದೆ.

"ಕಟ್ಟಾಕ ತಯಾರಾಗು" ಎಂದುಬಿಟ್ಟೆ.

ಮನೆಗೆ ಬಂದು ನಮ್ಮ ಎಮ್ಮೆ ಚಂದ್ರಿಗೆ ಮೇವು ಹಾಕಲು ಹೋದಾಗ ಜ್ಞಾನೋದಯವಾಯಿತು. ದನದ ಮನೆಯಲ್ಲಿ ಚಂದ್ರಿ ಮೇವು ತಿನ್ನುವ ಗ್ವಾದಲಿ ಇದೆಯಲ್ಲ, ಅದು ಅಸಲಿಗೆ ಒಂದು ಅಲ್ಯೂಮಿನಿಯಂ ದೋಣಿ. ಊರಲ್ಲಿ ಹಿಂದೆ ಮೀನುಗಾರರ ಸಂಘ ಅಂತ ಒಂದಿತ್ತು. ಸಂಘ ಮುಚ್ಚಿದಾಗ ಅದರ ಮೀನು ಹಿಡಿಯುವ ದೋಣಿಯನ್ನು ನಮ್ಮಪ್ಪ ಯಲ್ಲಪ್ಪ ಹರಾಜಿನಲ್ಲಿ ಹಿಡಿದು ತಂದಿದ್ದ. ಮನೆತನದ ಕೆಲಸ ಮತ್ತೆ ಶುರು ಮಾಡುತ್ತೇನೆ ಎಂದು ಹೇಳಿಕೊಂಡು ತಿರುಗಿದ, ಅಷ್ಟರಲ್ಲಿ ತೀರಿಕೊಂಡ. ಮಲ್ಲಿಕಾ ಎಂಟು ವರ್ಷದ ಹಿಂದೆ ಅದನ್ನು ದನದ ಮನೆಗೆ ಎಳೆಸಿ, ಹುಲ್ಲು ತುಂಬಿದಳು. ಅಂದಿನಿಂದ ಚಂದ್ರಿ ದಿನಕ್ಕೆರಡು ಹೊತ್ತು ದೋಣಿಯ ಹಿಂಭಾಗದ ಅಂಚಿನ ಮೇಲೆ ಗದ್ದ ಊರಿ, ಒಳಗೆ ಮುಖ ಹಾಕಿ ಊಟ ಮಾಡುತ್ತಿತ್ತು.

"ಗ್ವಾದಲಿ ಖಾಲಿ ಮಾಡು" ಎಂದೆ ಮಲ್ಲಿಕಾಗೆ.

"ಯಾಕ್ರಿ?"

"ಅದು ಗ್ವಾದಲಿ ಅಲ್ಲ. ನೌಕೆ."

ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಅಲ್ರಿ, ಚಂದ್ರಿ ಎಲ್ಲಿ ತಿನ್ನಬೇಕು?"

"ಸಿಮೆಂಟಿನ ಬಾನಿ ತಂದು ಕೂಡಸ್ತೇನಿ."

"ಎಮ್ಮಿಗೂ ರೂಢಿ ಅನ್ನೂದು ಇರ್ತೈತ್ರಿ. ನಿಮ್ಮ ತಾಟ ಬದಲಿ ಆದ್ರ ನೀವು ಎರಡು ದಿನ ಮಾರಿ ಉಬ್ಬಿಸ್ತೀರಿ."

"ನನಗೂ ಎಮ್ಮಿಗೂ ಹೋಲಿಸಬ್ಯಾಡ."

"ಹೋಲಿಸಿಲ್ಲ. ಎಮ್ಮಿ ಹಾಲು ಕೊಡ್ತೈತಿ."

ಅವಳು ಕರಾರು ಹಾಕಿದಳು: ಹಾಲು ಕಡಿಮೆಯಾದರೆ ಉಡಿ ತುಂಬಿದ ಮರುದಿನದಿಂದ ಚಂದ್ರಿಯ ಚಾಕರಿ ನನ್ನದು. ಮೇವು, ಹಿಂಡಿ, ನೀರು, ಸಗಣಿ ಎಲ್ಲವೂ. ನಾನು ಒಪ್ಪಿದೆ. (ದೊಡ್ಡ ಕೆಲಸಕ್ಕೆ ಹೊರಟವರು ಸಣ್ಣ ಕರಾರುಗಳ ಕಡೆ ಲಕ್ಷ್ಯ ಕೊಡುವುದಿಲ್ಲ.)

ಎಂಟು ವರ್ಷದ ಸಗಣಿ, ಹುಲ್ಲು, ಜೊಲ್ಲು ಕೆರೆದು ತೆಗೆಯಲು ಮೂರು ದಿನ ಹಿಡಿಯಿತು. ತೊಳೆದು ನಿಲ್ಲಿಸಿದಾಗ ತಳದಲ್ಲಿ ಮೂರು ತೂತು ಕಂಡವು. ಸೂರ್ಯ ಆ ಕಡೆ ಇದ್ದ, ನಾನು ಈ ಕಡೆ, ನಡುವೆ ಯಾವ ಅಡ್ಡಿಯೂ ಇರಲಿಲ್ಲ. ದೋಣಿಯನ್ನು ಟ್ರ್ಯಾಕ್ಟರಿಗೆ ಹಾಕಿ ಸವಣೂರಿನ ದಾದಾಪೀರನ ಬಳಿ ಒಯ್ದೆ. ಮದುವೆ ಅಡುಗೆಯ ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳಿಗೆ ಬೆಸುಗೆ ಹಾಕುವುದರಲ್ಲಿ ಅವನದು ಎತ್ತಿದ ಕೈ.

ದಾದಾಪೀರ ದೋಣಿಯ ಸುತ್ತ ಒಂದು ಸುತ್ತು ಹಾಕಿ, ಬೆರಳಿನಿಂದ ಬಡಿದು ನೋಡಿದ. "ಇದೂ ಭಾಂಡೆನ ಅಲ್ರಿ ಯಜಮಾನ್ರ. ಅಡಿಗಿ ಪಾತ್ರ್ಯಾಗ ನೀರು ಒಳಗ ನಿಲ್ಲಬೇಕು, ಇದರಾಗ ಹೊರಗ ನಿಲ್ಲಬೇಕು, ಇಷ್ಟ ಫರಕು" ಎಂದ. ದೋಣಿಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಾರರು. ನಾನು ಚಹಾದ ಜೊತೆ ಸವಣೂರಿನ ಖಾರ ತಿನ್ನುತ್ತ ಕೂತಿರುವಾಗಲೇ ಮೂರೂ ತೂತಿಗೆ ತೇಪೆ ಬಿತ್ತು. ಕಡೆಗೆ ಅವನು, "ತೂತು ನನ್ನ ಜವಾಬ್ದಾರಿ. ಆದ್ರ ಈ ರಿವೀಟಿನ ಸಂದಿಗೋಳು ಅದಾವಲ್ರಿ, ಅವಕ್ಕ ಹುಬ್ಬಳ್ಳಿಗೆ ಹೋಗಿ ಬ್ಯಾರೆ ಪೇಸ್ಟ್ ತಂದು ತುಂಬ್ರಿ. ಬೆಸುಗೆ ಅಲ್ಲಿ ನಡಿಯಂಗಿಲ್ಲ" ಎಂದ.

ಇಲ್ಲಿ ನನ್ನ ಬುದ್ಧಿ ಓಡಿತು, ಮತ್ತು ಓಡಿದ್ದೇ ತಪ್ಪಾಯಿತು. ಹಳೇ ಗುಡಿಗಳ, ಕೋಟೆಗಳ ಕಲ್ಲಿಗೆ ಹಿರಿಯರು ಏನು ಮೆತ್ತಿದರು? ಸುಣ್ಣ ಮತ್ತು ಬೆಲ್ಲ. ನೂರಾರು ವರ್ಷ ಮಳೆ ಹೊಡೆದರೂ ಅಲುಗಿಲ್ಲ. ಅಂಥ ಪರಂಪರೆಯ ಮಡಿಲಲ್ಲಿ ಕೂತು ಹುಬ್ಬಳ್ಳಿಯ ಪೇಸ್ಟಿಗೆ ಕೈಯೊಡ್ಡುವುದೇ? ಮನೆಯಲ್ಲಿ ಸುಣ್ಣ ಇತ್ತು, ಬೆಲ್ಲ ಇತ್ತು. ಆದರೆ ಎರಡನ್ನೂ ಕಲೆಸಿದರೆ ಸಂದಿಯಲ್ಲಿ ನಿಲ್ಲದೆ ಜಾರುತ್ತಿತ್ತು. ಹಿಡಿತಕ್ಕೆ ಏನಾದರೂ ಜಿಗುಟಾದದ್ದು ಬೇಕಿತ್ತು. ದನದ ಮನೆಯ ಮೂಲೆಯಲ್ಲಿ ಚಂದ್ರಿಯ ಶೇಂಗಾ ಹಿಂಡಿಯ ಚೀಲ ಕಂಡಿತು. ಪುಡಿ ಮಾಡಿ ಕಲೆಸಿದೆ. ಅಮೋಘವಾಗಿ ಹಿಡಿಯಿತು. ದೋಣಿಯ ಒಳಗಿನ ಅಷ್ಟೂ ಸಂದಿಗೆ ಬೆರಳಿನಿಂದ ಮೆತ್ತಿದೆ. ಬಿಸಿಲಲ್ಲಿ ಒಣಗಿದ ಮೇಲೆ ಅಂಗಳದಲ್ಲಿ ದೋಣಿಗೆ ನೀರು ತುಂಬಿ ಒಂದು ತಾಸು ನಿಲ್ಲಿಸಿದೆ. ಒಂದು ಹನಿ ಹೊರಗೆ ಬರಲಿಲ್ಲ. ನಾನು ನನ್ನ ಬೆನ್ನು ತಟ್ಟಿಕೊಂಡೆ.

ಸಾಮಗ್ರಿಯ ವಿಷಯ ಮಲ್ಲಿಕಾಗೆ ಹೇಳಲಿಲ್ಲ. ಅವಳು ಹಿಂಡಿಯನ್ನು ಬಂಗಾರದ ಹಾಗೆ ಕಾಯುತ್ತಾಳೆ. ಇನ್ನೂ ಗಟ್ಟಿಯಾಗಲೆಂದು ಎರಡನೇ ಸಲ, ಮೂರನೇ ಸಲ ಮೆತ್ತುವ ಹೊತ್ತಿಗೆ ಚೀಲ ಅರ್ಧಕ್ಕಿಳಿಯಿತು.

"ಇಲಿ ಬಿದ್ದಾವ್ರಿ ಚೀಲದಾಗ" ಎಂದಳು.

"ಇರಬೇಕು" ಎಂದೆ.

ಅವಳು ಚೀಲದ ಒಳಗೇ ತಂತಿಯ ಬೋನು ಇಟ್ಟಳು. ನನಗೆ ಹೇಳಲಿಲ್ಲ. ಮರುದಿನ ನನ್ನ ಎಡಗೈಯ ಎರಡು ಬೆರಳು ಅದರಲ್ಲಿ ಸಿಕ್ಕವು. ಕೂಗುವ ಹಾಗಿರಲಿಲ್ಲ. ಬೋನನ್ನು ಮತ್ತೆ ಹೂಡಿಟ್ಟು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಟ್ರ್ಯಾಕ್ಟರಿನ ಬಾಗಿಲಿಗೆ ಸಿಕ್ಕಿತು ಎಂದೆ. (ನಮ್ಮ ಟ್ರ್ಯಾಕ್ಟರಿಗೆ ಬಾಗಿಲಿಲ್ಲ ಎಂಬುದು ಆಮೇಲೆ ನೆನಪಾಯಿತು. ಅವಳಿಗೆ ಆಗಲೇ ನೆನಪಾಗಿತ್ತೆಂದು ಕಾಣುತ್ತದೆ, ನನ್ನ ಬೆರಳನ್ನೂ ಟ್ರ್ಯಾಕ್ಟರನ್ನೂ ಒಮ್ಮೆ ನೋಡಿ ಒಳಗೆ ಹೋದಳು.)

ಇತ್ತ ಚಂದ್ರಿ ಹೊಸ ಸಿಮೆಂಟಿನ ಬಾನಿಯನ್ನು ಮೂಸಿ, ಮೂಗಿನಿಂದ ಜೋರಾಗಿ ಗಾಳಿ ಬಿಟ್ಟು, ಬೆನ್ನು ತಿರುಗಿಸಿ ನಿಂತಿತು. ಒತ್ತಾಯಕ್ಕೆ ನಾಲ್ಕು ಎಳೆ ಹುಲ್ಲು ತಿನ್ನುತ್ತಿತ್ತು. ಐದು ಲೀಟರಿನ ಹಾಲು ವಾರದಲ್ಲಿ ಮೂರಕ್ಕೆ ಬಂತು. ಇಡೀ ದಿನ ಅಂಗಳದಲ್ಲಿದ್ದ ದೋಣಿಯ ಕಡೆಗೇ ಹಗ್ಗ ಜಗ್ಗಿಕೊಂಡು ನಿಲ್ಲುತ್ತಿತ್ತು. ಪಾಪ, ಹಳೇ ಜಾಗದ ಮೋಹ ಎಂದುಕೊಂಡೆ.

ದೋಣಿಯ ಹೊರಮೈಗೆ ಬೆಳ್ಳಿಬಣ್ಣ ಹೊಡೆದದ್ದಾಯಿತು. ಹಾನಗಲ್ಲಿನಲ್ಲಿ ಕಾಲೇಜು ಓದುವ ಮಗಳು ಭಾಗ್ಯಶ್ರೀ ಕೆಂಪು ಅಕ್ಷರದಲ್ಲಿ ಹೆಸರು ಬರೆಯಲು ಕೂತಳು. "ಶ್ರೀ ಗಂಗವ್ವ ಪ್ರಸನ್ನ" ಎಂದು ಬರೆಸಿ, ಕೆಳಗೆ "ನಾವಿಕ: ಮೈಲಾರಲಿಂಗ ಯ. ಅಂಬಿಗೇರ" ಎಂದು ಬರೆ ಅಂದೆ.

"ಅಪ್ಪಾ, ನಾವಿಕ ಅಂದ್ರ ದೋಣಿ ನಡಿಸಾಕ ಬರಬೇಕಲ್ಲ?"

"ನೀ ಹೆಸರು ಬರಿ. ವಿದ್ಯೆ ಹಿಂದಿಂದ ಬರ್ತೈತಿ."

ಶೀಗಿ ಹುಣ್ಣಿಮೆ ಮುಗಿದ ಭಾನುವಾರ ಮುಹೂರ್ತ ಇಟ್ಟೆವು. ಆ ವರ್ಷ ಕೆರೆ ಕೋಡಿ ಬೀಳುವಷ್ಟು ತುಂಬಿತ್ತು. ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಮಲ್ಲಿಕಾ ಉಡಿಯ ಅಕ್ಕಿ, ಕೊಬ್ಬರಿ, ಕುಬಸದ ಖಣ, ಅರಿಷಿಣ ಕುಂಕುಮ ಎಲ್ಲ ಬುಟ್ಟಿಗೆ ತುಂಬಿಕೊಂಡಳು. ಹೊರಡುವಾಗ ಹೇಳಿದಳು, "ಚಂದ್ರಿನ ಬಿಗಿಯಾಗಿ ಕಟ್ಟಿ ಬರ್ರಿ. ಹಸದೈತಿ." ನಾನು ಅವಸರದಲ್ಲಿ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ಓಡಿದೆ. ಬೆರಳು ಬೇರೆ ನೋಯುತ್ತಿದ್ದವು.

ಕೆರೆಯ ದಂಡೆಯಲ್ಲಿ ಅರ್ಧ ಊರು ಸೇರಿತ್ತು. ಶಿವಯೋಗಿ ಹಿರೇಬೆಂಡಿಗೇರಿಯಿಂದ ಬಂದು, ಗುಲಾಬಿ ರುಮಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಏರಿಯ ಮೇಲೆ ನಿಂತಿದ್ದ. ದೋಣಿ ಏರಿಯ ಪಕ್ಕಕ್ಕೇ ಹೋಗಬೇಕು, ಅದೇ ಶಾಸ್ತ್ರ ಎಂದು ನಾನು ಎಲ್ಲರಿಗೂ ಸಾರಿದೆ. (ಅಂಥ ಶಾಸ್ತ್ರ ಇಲ್ಲ. ಏರಿಯ ಕಲ್ಲು ಕೈಗೆ ಎಟುಕುವಷ್ಟು ದೂರದಲ್ಲಿದ್ದರೆ ನನ್ನ ಎದೆ ಬಡಿತ ಸ್ವಲ್ಪ ಕಡಿಮೆಯಾಗುತ್ತಿತ್ತು.) ಅವ್ವ ದೋಣಿಯ ಮೂತಿಗೆ ಕುಂಕುಮ ಹಚ್ಚಿದಳು, ಕಾಯಿ ಒಡೆದಳು. ಅವಳು, ಮಲ್ಲಿಕಾ, ಭಾಗ್ಯಶ್ರೀ ಮೂವರೂ ಹತ್ತಿ ಕೂತರು. ನಾನು ಹುಟ್ಟು ಹಿಡಿದು ಕಡೆಗೆ ಹತ್ತಿದೆ. ನಾಲ್ಕು ಜನ ದೂಡಿದರು.

ದೋಣಿ ತೇಲಿತು.

ಮೊದಲು ಎರಡು ಸಲ ಇದ್ದಲ್ಲೇ ಗಿರಗಿರ ತಿರುಗಿತು, ಅದು ಬೇರೆ ಮಾತು. ದಂಡೆಯಿಂದ ಬಂದ ಹತ್ತಾರು ಸಲಹೆಗಳಲ್ಲಿ ಒಂದು ಸರಿಯಾದದ್ದಿರಬೇಕು, ಹುಟ್ಟನ್ನು ಆ ಕಡೆ ಎರಡು, ಈ ಕಡೆ ಎರಡು ಹಾಕುತ್ತ ಹೋದಾಗ ಮೂತಿ ಗುಡಿಯ ಕಡೆ ತಿರುಗಿತು. ಅವ್ವ ಅಂಚಿನಿಂದ ಕೈ ಇಳಿಬಿಟ್ಟು ನೀರು ಮುಟ್ಟಿದಳು. ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. "ನಿಮ್ಮಪ್ಪ ಇರಬೇಕಿತ್ತೋ ಮೈಲಾರಿ" ಎಂದಳು. ನನಗೆ ಅಳು ಬಂತು. ಅಪ್ಪ ಆಡಿ ಬಿಟ್ಟದ್ದನ್ನು ನಾನು ಮಾಡಿ ತೋರಿಸಿದೆ ಎಂದು ನಿಜವಾಗಿಯೂ ಹೆಮ್ಮೆಪಟ್ಟೆ. ಮಲ್ಲಿಕಾ ಕೂಡ ಅವತ್ತು ನನ್ನನ್ನು ಸ್ವಲ್ಪ ಬೇರೆ ಥರ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಅಂಥ ನೋಟ ಎರಡನೇ ಸಲ.

ಅರ್ಧ ದಾರಿಯಾಗಿರಬೇಕು.

"ಮೈಲಾರಿ, ಕಾಲು ತಣ್ಣಗ ಆಗಾಕತ್ತಾವು" ಎಂದಳು ಅವ್ವ.

"ನೀರಿನ ಮ್ಯಾಲ ಹೊಂಟೇವಿ ಅವ್ವ. ತಣ್ಣಗ ಆಗಬೇಕು."

"ಒಳಗಿಂದ ತಣ್ಣಗ ಆಗಾಕತ್ತಾವೋ."

ಕೆಳಗೆ ನೋಡಿದರೆ ಸಂದಿಗಳಲ್ಲಿ ನನ್ನ ಗಾರೆ ನೆನೆದು ಗಂಜಿಯಾಗುತ್ತಿತ್ತು. ಕೋಟೆಗಳು ನೀರಿನಲ್ಲಿ ತೇಲುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವ್ವ ಏನೂ ಗಾಬರಿಯಾಗದೆ ತೀರ್ಥಕ್ಕೆ ತಂದ ತಂಬಿಗೆಯಿಂದ ನೀರು ಮೊಗೆದು ಹೊರಗೆ ಚೆಲ್ಲತೊಡಗಿದಳು. ಹರಿಗೋಲು ಕಂಡ ಹೆಂಗಸು.

ಅಷ್ಟರಲ್ಲಿ ಭಾಗ್ಯಶ್ರೀ, "ಅಪ್ಪಾ, ಹಿಂದ ಯಾರೋ ಬರಾಕತ್ತಾರ" ಎಂದಳು.

ತಿರುಗಿ ನೋಡಿದೆ. ನೀರಿನ ಮೇಲೆ ಎರಡು ಕೋಡು, ಒಂದು ಮೂಗು. ಚಂದ್ರಿ ಕೊರಳಿನ ಹಗ್ಗ ಎಳೆದುಕೊಂಡು, ತನ್ನ ಗ್ವಾದಲಿಯ ಬೆನ್ನು ಹತ್ತಿ ಈಸಿಕೊಂಡು ಬರುತ್ತಿತ್ತು. ನೆನೆದ ಹಿಂಡಿಯ ವಾಸನೆ ಕೆರೆಯ ತುಂಬ ಹಬ್ಬಿತ್ತು, ಅದರ ಮೂಗಿಗೆ ಮುಟ್ಟದೆ ಇರಲು ಸಾಧ್ಯವೇ? ಬಂದದ್ದೇ ದೋಣಿಯ ಹಿಂಭಾಗದ ಅಂಚಿಗೆ, ಎಂಟು ವರ್ಷ ಗದ್ದ ಊರಿದ ಅದೇ ಜಾಗಕ್ಕೆ ಸರಿಯಾಗಿ ಗದ್ದ ಊರಿ, ಮುಖ ಒಳಗೆ ಹಾಕಿ, ಹಿಂದಿನ ಸಂದಿಯನ್ನು ನೆಕ್ಕತೊಡಗಿತು.

"ಹೈ, ಹೈ, ಹಿಂದ ಸರಿ" ಎಂದು ನಾನು ಹುಟ್ಟು ಎತ್ತಿಕೊಂಡು ಎದ್ದು ನಿಂತೆ.

"ನಿಲ್ಲಬ್ಯಾಡ್ರಿ" ಎಂದಳು ಮಲ್ಲಿಕಾ.

ನಿಂತವನು ನಿಂತೇ ಇದ್ದರೆ ಏನೂ ಆಗುತ್ತಿರಲಿಲ್ಲ. ನಾವಿಕನ ಗತ್ತಿನಲ್ಲಿ ಹುಟ್ಟನ್ನು ಬೀಸಿದೆ. ಹುಟ್ಟು ದೋಣಿಯೊಳಗೆ ಬಿತ್ತು, ನಾನು ಕೆರೆಯೊಳಗೆ ಬಿದ್ದೆ.

ಮುಂದಿನದನ್ನು ನಾನು ಭಾಗ್ಯಶ್ರೀಯ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡದ್ದು. "ಅವ್ವಾ" ಎಂದು ಕೂಗಿದ ದನಿ ಮಾತ್ರ ನನ್ನದೇ, ಅನುಮಾನವಿಲ್ಲ. ಏರಿಯ ಮೇಲೆ ನಮ್ಮ ಜೊತೆಜೊತೆಗೇ ನಡೆದು ಬರುತ್ತಿದ್ದ ಶಿವಯೋಗಿ ಕಲ್ಲಿನ ಮೇಲೆ ಇಳಿದು, ಹನ್ನೆರಡು ಮೊಳದ ರುಮಾಲನ್ನು ಬಿಚ್ಚಿ ನನ್ನ ಕಡೆ ಬೀಸಿದ. ನಾನು ಅದನ್ನು ಅಪ್ಪಿಕೊಂಡೆ. ಹೀಗೆ ಊರ ಮುಂದೆ, ಮಾತು ಕೊಟ್ಟ ಹಾಗೆ, ಅವನು ಕೈಯಾರೆ ಕೊಟ್ಟ ರುಮಾಲು ನನಗೆ ಸಿಕ್ಕಿತು, ತಲೆಗೆ ಬದಲು ಕಂಕುಳಿಗೆ.

ದೋಣಿಯಲ್ಲಿ ಅವ್ವ ತಂಬಿಗೆ ಹಿಡಿದುಕೊಂಡೇ ಎದ್ದು ನೋಡಿದಳು. ನನ್ನ ತಲೆ ನೀರಿನ ಮೇಲೆ ಕಂಡಿತು, ರುಮಾಲು ಹಿಡಿದ ಕೈ ಕಂಡಿತು. "ಸಿಕ್ಕ" ಎಂದು ಸೊಸೆಗೆ ಹೇಳಿದಳು. "ನಡಿ ಮುಂದ."

ಮಲ್ಲಿಕಾ ಹುಟ್ಟು ಎತ್ತಿಕೊಂಡಳು. ಅವಳೇನೂ ದೋಣಿ ನಡೆಸಿದವಳಲ್ಲ, ಆದರೆ ಹಾಗೆ ಅಂತ ದೋಣಿಗೆ ಯಾರೂ ಹೇಳಿರಲಿಲ್ಲ. ನನ್ನ ಎಂಬತ್ತು ಕಿಲೋ ಇಳಿದದ್ದರಿಂದ ಹಗುರವೂ ಆಗಿತ್ತು. ಹಿಂದಿನಿಂದ ಚಂದ್ರಿ ನೆಕ್ಕುವ ಹುಮ್ಮಸ್ಸಿನಲ್ಲಿ ಎದೆಯಿಂದ ದೂಡುತ್ತಿತ್ತು. ಮುಂದೆ ಸೊಸೆ ಹುಟ್ಟು ಹಾಕಿದಳು, ನಡುವೆ ಅತ್ತೆ ನೀರು ಮೊಗೆದಳು, ಮಗಳು ಒಂದು ಕೈಯಲ್ಲಿ ಉಡಿಯ ಬುಟ್ಟಿ, ಇನ್ನೊಂದರಲ್ಲಿ ಮೊಬೈಲು ಹಿಡಿದಳು. ದೋಣಿ ಒಂಚೂರು ಓಲಾಡದೆ ಗುಡಿಯ ಮೆಟ್ಟಿಲಿಗೆ ಹೋಗಿ ಮುಟ್ಟಿತು. ಎಲ್ಲರೂ ದೋಣಿಯಲ್ಲಿದ್ದರು, ನಾವಿಕನೊಬ್ಬನ ಹೊರತು.

ನಾನು ಏರಿಯ ಮೇಲೆ ಪಚಪಚ ಹೆಜ್ಜೆ ಹಾಕುತ್ತ, ಶಿವಯೋಗಿಯ ಭುಜ ಹಿಡಿದುಕೊಂಡು ಗುಡಿ ಮುಟ್ಟುವಷ್ಟರಲ್ಲಿ ಉಡಿ ತುಂಬಿದ್ದು ಮುಗಿದಿತ್ತು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಸೀರೆಯ ಅಂಚು ಒದ್ದೆಯಾಗಿತ್ತು, ಮುಖದಲ್ಲಿ ನಾನು ಎಂದೂ ಕಾಣದ ನೆಮ್ಮದಿ ಇತ್ತು. "ಆತು" ಎಂದಳು. "ನೀರಿನ ಮ್ಯಾಲ ಬಂದ್ಲು ನನ್ನ ಸೊಸಿ." ಆ ಒಂದು ಮಾತಿಗೆ ನಾನು ಕುಡಿದ ಕೆರೆ ನೀರೆಲ್ಲ ಸಾರ್ಥಕವಾಯಿತು.

ಶಿವಯೋಗಿ ರುಮಾಲನ್ನು ಹಿಂಡಿ ಜಾಡಿಸಿದ. ನಾನು ತಲೆ ಬಗ್ಗಿಸಿದೆ.

"ನೀವಲ್ರಿ ಮಾವಾರ" ಎಂದ ಅವನು. "ಅಕ್ಕನ್ನ ಗುಡಿ ಮುಟ್ಟಿಸಿದವ್ರಿಗೆ ಅಂದಿದ್ದೆ." ಊರವರೆಲ್ಲ ನೋಡುತ್ತಿದ್ದ ಹಾಗೆ ಮೆಟ್ಟಿಲಿಳಿದು ಹೋಗಿ, ಚಂದ್ರಿಯ ಎರಡು ಕೋಡಿಗೂ ಸೇರಿಸಿ ಗುಲಾಬಿ ರುಮಾಲು ಸುತ್ತಿದ. ಅವ್ವ ಹಣೆಗೆ ಕುಂಕುಮ ಹಚ್ಚಿದಳು. ಚಂದ್ರಿ ತಲೆ ಎತ್ತಲಿಲ್ಲ. ದೋಣಿಯೊಳಗೆ ಮುಖ ಹಾಕಿ ನೆಕ್ಕುತ್ತಲೇ ಇತ್ತು.

ಅದನ್ನು ನೋಡುತ್ತ ನಿಂತಿದ್ದ ಮಲ್ಲಿಕಾ ಬಗ್ಗಿ, ಸಂದಿಯೊಂದಕ್ಕೆ ಬೆರಳು ಹಾಕಿ ಮೂಸಿದಳು. ಆಮೇಲೆ ನನ್ನ ಎಡಗೈಯ ಬಟ್ಟೆ ನೋಡಿದಳು. ಮತ್ತೊಮ್ಮೆ ಬೆರಳು ಮೂಸಿದಳು.

"ಎರಡು ಬೆರಳಿನ ಇಲಿ" ಎಂದಳು. "ನಾಳಿಂದ ಚಂದ್ರಿ ಚಾಕರಿ ಯಾರ್ದು, ನೆನಪೈತಲ್ರಿ?"

ಈಗ ದೋಣಿ ಮತ್ತೆ ದನದ ಮನೆಯಲ್ಲಿದೆ. ಹಾಲು ಐದು ಲೀಟರಿಗೆ ಬಂದಿದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನಾನು ಅದರಲ್ಲಿ ನೀರು, ಹೊಟ್ಟು, ಹಿಂಡಿ ಹಾಕಿ ಕಲೆಸುತ್ತೇನೆ. ಅಷ್ಟು ದೊಡ್ಡ ಗ್ವಾದಲಿಗೆ ಕೈ ಸಾಲದು, ಹುಟ್ಟಿನಿಂದಲೇ ಕಲೆಸುತ್ತೇನೆ. ಆ ಕಡೆ ಎರಡು, ಈ ಕಡೆ ಎರಡು. ನಾವಿಕ ಎಂದು ಬರೆದ ಕೆಂಪು ಅಕ್ಷರಗಳು ಇನ್ನೂ ಮಾಸಿಲ್ಲ.

ಮೊನ್ನೆ ಬ್ಯಾಂಕಿಗೆ ಮಲ್ಲಿಕಾಳ ಜೊತೆ ಹೋಗಿದ್ದೆ. ಹೊಸದಾಗಿ ಬಂದ ಮ್ಯಾನೇಜರು ಪಾಸ್‌ಬುಕ್ ನೋಡಿ, "ಅಂಬಿಗೇರ ಅಂದ್ರ ನೀವು ಈಗಲೂ ದೋಣಿ ನಡಿಸ್ತೀರೇನ್ರಿ?" ಎಂದರು.

"ದಿನಾ ಎರಡು ಹೊತ್ತು ಹುಟ್ಟು ಹಾಕ್ತೇನ್ರಿ" ಎಂದೆ ಗಂಭೀರವಾಗಿ. ಸುಳ್ಳೇನೂ ಹೇಳಲಿಲ್ಲ.

"ಹೌದ್ರಿ ಸಾಹೇಬ್ರ" ಎಂದಳು ಮಲ್ಲಿಕಾ, ಅಷ್ಟೇ ಗಂಭೀರವಾಗಿ. "ಬೇಕಾದ್ರ ಅವರ ಕೈ ಮೂಸಿ ನೋಡ್ರಿ."